ಬೇಡವೆನ್ನುವ ಸ್ವಿಚ್ಚು

ಮನೆಯ ದೀಪಗಳು ಒಮ್ಮೆಲೇ ಆರಿಹೋದಾಗ ಫ್ಯೂಸನ್ನು ಬಿಚ್ಚಿ ನೋಡುವುದು ಹಿಂದಿನಿಂದಲೂ ನಡೆದುಬಂದ ಪದ್ಧತಿ. ಒಳಗಿನ ತೆಳುತಂತಿ ಕರಗಿದ್ದರೆ ಹೊಸ ತಂತಿಯನ್ನು ಕಟ್ಟುತ್ತೇವೆ. ಅದೂ ಕರಗಿದರೆ ಕೆಲವರು ದಪ್ಪನಾದ ತಾಮ್ರದ ತಂತಿಯೊಂದನ್ನು ಬಿಗಿದು, ಇನ್ನು ತೊಂದರೆಯಿಲ್ಲವೆಂದು ಸಮಾಧಾನಪಡುತ್ತಾರೆ. ದೀಪವೇನೋ ಉರಿಯುತ್ತದೆ; ತೊಂದರೆ ಮಾತ್ರ ಗೋಡೆಯೊಳಗೆ ಅಡಗಿ ಕುಳಿತಿರುತ್ತದೆ. ಫ್ಯೂಸು ಕರಗಿದುದೇಕೆ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಎಚ್ಚರಿಸಲು ಬಂದವನನ್ನೇ ಅಪರಾಧಿಯೆಂದು ಬಗೆದು ಅವನ ಬಾಯಿ ಕಟ್ಟಿದಂತಾಯಿತು.

ಈ ಮನೋಭಾವವು ಮನೆಯ ಫ್ಯೂಸಿಗೆ ಮಾತ್ರ ಸೀಮಿತವಾದುದಲ್ಲ. ಯಂತ್ರವೊಂದರಲ್ಲಿ ಕೆಲಸವನ್ನು ತಡೆಯುವುದಕ್ಕೆಂದೇ ಇಟ್ಟ ಭಾಗ ಯಾವುದಿದೆಯೋ ಅದರ ಮೇಲೆಯೇ ಮೊದಲ ಸಂಶಯ ಬೀಳುವುದು ಮನುಷ್ಯಸ್ವಭಾವ. ಈ ಸ್ವಭಾವವನ್ನು ತಿದ್ದಬಲ್ಲ ವಿದ್ಯೆಗಳಲ್ಲಿ ಭೌತಶಾಸ್ತ್ರವೂ ಒಂದು. ಆದರೆ ನಾವು ಅದನ್ನು ಕಲಿಸುತ್ತಿರುವ ರೀತಿಯಲ್ಲಿ ಆ ತಿದ್ದುಪಡಿಗೆ ಎಡೆಯೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಇದನ್ನು ವಿಶದಪಡಿಸಲು ಒಂದು ಚಿಕ್ಕ ಉಪಕರಣವನ್ನು ಆರಿಸಿಕೊಂಡಿದ್ದೇನೆ. ನೈಟ್ರಸ್ ಆಕ್ಸೈಡ್ ಅನಿಲವನ್ನು ಬಳಸುವ ಪಂದ್ಯದ ಕಾರುಗಳಲ್ಲಿರುವ ಇಂಧನ ಒತ್ತಡದ ಸುರಕ್ಷಾ ಸ್ವಿಚ್ಚು ಅದು. ಗಾತ್ರದಲ್ಲಿ ಹೆಬ್ಬೆರಳಿನಷ್ಟು; ಅದರಿಂದ ಕಲಿಯಬೇಕಾದ ಪಾಠ ಮಾತ್ರ ಚಿಕ್ಕದಲ್ಲ.

ಇಂಥ ಕಾರುಗಳು ನಮ್ಮ ಬೀದಿಯಲ್ಲಿ ಓಡಾಡತಕ್ಕವಲ್ಲ. ಅಮೆರಿಕದಲ್ಲಿ ಕಾಲು ಮೈಲಿಯ, ಎಂದರೆ ಸುಮಾರು 402 ಮೀಟರುಗಳ, ನೇರ ಹಾದಿಯಲ್ಲಿ ಎರಡು ಕಾರುಗಳನ್ನು ಓಡಿಸಿ ಯಾವುದು ಮೊದಲೆಂದು ನೋಡುವ ಪಂದ್ಯಗಳುಂಟು. ಅಲ್ಲಿ ಈ ಅನಿಲದ ಬಳಕೆ ಬಹಳ. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು, ನೋಂದಣಿಯಾದ ವಾಹನವನ್ನು ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ಹೊಂದದಂತೆ ಮಾರ್ಪಡಿಸುವುದನ್ನು ಸಾಮಾನ್ಯವಾಗಿ ತಡೆಯುತ್ತದೆ. ಆದುದರಿಂದ ಈ ಬರಹವನ್ನು ಓದಿ ಯಾರೂ ತಮ್ಮ ತಂದೆಯ ಕಾರಿಗೆ ಸಿಲಿಂಡರು ಕಟ್ಟಲು ಹೊರಡಬಾರದು. ಇಲ್ಲಿ ನಮಗೆ ಬೇಕಾದುದು ವೇಗವಲ್ಲ, ವಿಚಾರ.

ಮೊದಲು ಅನಿಲದ ಪರಿಚಯ ಮಾಡಿಕೊಳ್ಳೋಣ. ನೈಟ್ರಸ್ ಆಕ್ಸೈಡನ್ನು 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಆಂಗ್ಲ ವಿಜ್ಞಾನಿ ತಯಾರಿಸಿದನು. 1799ರಲ್ಲಿ ತರುಣ ಹಂಫ್ರಿ ಡೇವಿ ಬ್ರಿಸ್ಟಲ್ ನಗರದಲ್ಲಿ ಅದನ್ನು ತಾನೇ ಉಸಿರಾಡಿ ಪರೀಕ್ಷಿಸಿ, ಮರುವರ್ಷ ಆ ಪ್ರಯೋಗಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ನಗೆ ಅನಿಲವೆಂದು ಹೆಸರಾದುದು ಇದೇ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಇದನ್ನು ವಿಮಾನದ ಎಂಜಿನುಗಳಿಗೆ ಉಣಿಸಿದರು. ಬಹಳ ಎತ್ತರದಲ್ಲಿ ಗಾಳಿ ವಿರಳವಾಗಿರುವುದರಿಂದ ಅಲ್ಲಿ ಎಂಜಿನಿಗೆ ಆಮ್ಲಜನಕ ಸಾಲದು. ಆ ಕೊರತೆಯನ್ನು ಈ ಅನಿಲ ತುಂಬುತ್ತಿತ್ತು. ಇಂದು ಪಂದ್ಯದ ಕಾರುಗಳಲ್ಲಿ ನಡೆಯುವುದೂ ಇದೇ ತತ್ತ್ವದ ಪ್ರಯೋಗ.

ಈ ಅನಿಲ ತಾನಾಗಿ ಇಂಧನವಲ್ಲವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಅದು ಆಮ್ಲಜನಕವನ್ನು ಹೊತ್ತು ತರುವ ವಾಹಕ ಮಾತ್ರ. ಅದರ ಅಣುವಿನಲ್ಲಿ ಎರಡು ಸಾರಜನಕ ಪರಮಾಣುಗಳೂ ಒಂದು ಆಮ್ಲಜನಕ ಪರಮಾಣುವೂ ಇವೆ. ತೂಕದ ಲೆಕ್ಕದಲ್ಲಿ ಅದರ ಶೇಕಡ 36 ಭಾಗ ಆಮ್ಲಜನಕ. ಗಾಳಿಯಲ್ಲಿ ಶೇಕಡ 23 ಮಾತ್ರ. ಎಂಜಿನಿನ ಶಾಖದಲ್ಲಿ ಅಣು ಒಡೆದು ಸಾರಜನಕವೂ ಆಮ್ಲಜನಕವೂ ಬೇರೆಯಾಗುತ್ತವೆ; ಒಡೆಯುವಾಗ ಇನ್ನಷ್ಟು ಶಾಖ ಹೊರಬೀಳುತ್ತದೆ. 1 ಗ್ರಾಂ ಪೆಟ್ರೋಲು ಸಂಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು; ಈ ಅನಿಲವಾದರೆ ಸುಮಾರು 9.6 ಗ್ರಾಂ ಸಾಕು. ಇದನ್ನೇ ತಿರುಗಿಸಿ ಹೇಳುವುದಾದರೆ, ಎಂಜಿನಿಗೆ ಹೋಗುವ ಪ್ರತಿ 9.6 ಗ್ರಾಂ ಅನಿಲದ ಜೊತೆಗೆ ಕಡಮೆಯೆಂದರೆ 1 ಗ್ರಾಂ ಹೆಚ್ಚಿನ ಪೆಟ್ರೋಲು ಹೋಗಲೇಬೇಕು. ಬಳಕೆಯಲ್ಲಿ ಇನ್ನೂ ಸ್ವಲ್ಪ ಧಾರಾಳವಾಗಿಯೇ ಕೊಡುತ್ತಾರೆ.

ಕೊಡದಿದ್ದರೆ ಏನಾಗುತ್ತದೆ? ಮಿಶ್ರಣದಲ್ಲಿ ಪೆಟ್ರೋಲು ಕಡಮೆಯಾಗಿ ಆಮ್ಲಜನಕ ಹೆಚ್ಚಾದರೆ ದಹನದ ಹದ ತಪ್ಪುತ್ತದೆ. ಕಿಡಿಯಿಂದ ಹೊರಟ ಜ್ವಾಲೆ ಬಂದು ತಲಪುವ ಮುಂಚೆಯೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ನಾಕಿಂಗ್ ಎನ್ನುತ್ತಾರೆ. ಪಿಸ್ಟನ್ನು ಅಲ್ಯುಮಿನಿಯಮ್ ಮಿಶ್ರಲೋಹದಿಂದ ಆದುದು. ಶುದ್ಧ ಅಲ್ಯುಮಿನಿಯಮ್ ಕರಗುವುದು 660 ಡಿಗ್ರಿ ಸೆಲ್ಸಿಯಸಿನಲ್ಲಿ. ಉರಿಯುವ ಅನಿಲಗಳ ಉಷ್ಣತೆ ಇದಕ್ಕಿಂತ ಬಹುಪಾಲು ಹೆಚ್ಚು. ಹದವಾದ ದಹನದಲ್ಲಿ ಪಿಸ್ಟನ್ನಿಗೆ ತಟ್ಟುವ ಶಾಖ ಗೋಡೆಗಳ ಮೂಲಕ ಹೊರಕ್ಕೆ ಹರಿದುಹೋಗುತ್ತದೆ. ಹದ ತಪ್ಪಿದಾಗ ಬರುವ ಶಾಖ ಹೋಗುವ ಶಾಖವನ್ನು ಮೀರಿಸುತ್ತದೆ. ಪಿಸ್ಟನ್ನಿನ ನೆತ್ತಿಯಲ್ಲಿ ತೂತು ಬೀಳಲು ಕೆಲವೇ ಸೆಕೆಂಡುಗಳು ಸಾಕು.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ನೈಟ್ರಸ್ ಆಕ್ಸೈಡನ್ನು ದ್ರವರೂಪದಲ್ಲಿ ಸಿಲಿಂಡರಿನಲ್ಲಿ ತುಂಬಿರುತ್ತಾರೆ. 20 ಡಿಗ್ರಿ ಉಷ್ಣತೆಯಲ್ಲಿ ಅದರ ಒತ್ತಡ ಗಾಳಿಯ ಒತ್ತಡದ ಸುಮಾರು 50ರಷ್ಟು, ಎಂದರೆ ಚದರ ಅಂಗುಲಕ್ಕೆ 700 ಪೌಂಡಿಗೂ ಹೆಚ್ಚು. ಕಾರ್ಬುರೇಟರಿರುವ ಕಾರಿನಲ್ಲಿ ಪೆಟ್ರೋಲಿನ ಒತ್ತಡವಾದರೋ ಚದರ ಅಂಗುಲಕ್ಕೆ ಸುಮಾರು 6 ಪೌಂಡು ಮಾತ್ರ. ಒಂದು ಕಡೆ ಮದಿಸಿದ ಆನೆ, ಇನ್ನೊಂದು ಕಡೆ ಕರು. ಎರಡೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಬೇಕು! ಅನಿಲ ಬರಲು ಪಂಪು ಬೇಕಿಲ್ಲ, ಬಾಗಿಲು ತೆರೆದರೆ ಸಾಕು. ಪೆಟ್ರೋಲಿಗೆ ಪಂಪೂ ಬೇಕು, ಅದಕ್ಕೆ ವಿದ್ಯುತ್ತೂ ಬೇಕು, ಫಿಲ್ಟರು ಶುಚಿಯಾಗಿರಬೇಕು, ಟ್ಯಾಂಕಿನಲ್ಲಿ ಸರಕಿರಬೇಕು. ಸೋಲುವುದಾದರೆ ಮೊದಲು ಸೋಲುವುದು ಪೆಟ್ರೋಲೇ. ಅದು ಸೋತ ಕ್ಷಣದಲ್ಲಿ ಅನಿಲವನ್ನೂ ನಿಲ್ಲಿಸುವುದು ನಮ್ಮ ಸ್ವಿಚ್ಚಿನ ಕರ್ತವ್ಯ.

ಅದರ ರಚನೆ ಸರಳ. ಪೆಟ್ರೋಲಿನ ಕೊಳವೆಗೆ ತಿರುಪಿ ಕೂರಿಸುವ ಲೋಹದ ಗುಬ್ಬಿ. ಒಳಗೆ ಒಂದು ತೆಳುಪೊರೆ. ಪೊರೆಯನ್ನು ಹಿಂದಕ್ಕೆ ಒತ್ತುತ್ತಿರುವ ಒಂದು ಸ್ಪ್ರಿಂಗು. ಪೆಟ್ರೋಲಿನ ಒತ್ತಡ ಸ್ಪ್ರಿಂಗಿನ ಬಲವನ್ನು ಗೆದ್ದಾಗ ಪೊರೆ ಉಬ್ಬಿ ಎರಡು ಸ್ಪರ್ಶಬಿಂದುಗಳನ್ನು ಕೂಡಿಸುತ್ತದೆ. ಒತ್ತಡ ಇಳಿದಾಗ ಸ್ಪ್ರಿಂಗು ಗೆದ್ದು ಅವು ಬೇರ್ಪಡುತ್ತವೆ. ಯಾವ ಒತ್ತಡದಲ್ಲಿ ಕೂಡಬೇಕೆಂಬುದನ್ನು ಒಂದು ಪುಟ್ಟ ತಿರುಪನ್ನು ತಿರುಗಿಸಿ ಗೊತ್ತುಪಡಿಸಬಹುದು. ಕಾರ್ಬುರೇಟರಿನ ಕಾರಿಗೆ ಇದು 4 ಅಥವಾ 5 ಪೌಂಡಿನ ಆಸುಪಾಸು; ಪೆಟ್ರೋಲನ್ನು ಚಿಮ್ಮಿಸುವ ಇಂಜೆಕ್ಷನ್ ಎಂಜಿನುಗಳಲ್ಲಿ ಒತ್ತಡವೇ ಹೆಚ್ಚಾದುದರಿಂದ ಇದೂ 30 ಪೌಂಡು ಅಥವಾ ಅದಕ್ಕೆ ಮೇಲ್ಪಟ್ಟು.

ಸ್ವಿಚ್ಚಿನ ಸ್ಪರ್ಶಬಿಂದುಗಳು ಕೋಮಲವಾದವು; ಅನಿಲದ ಕವಾಟವನ್ನು ಎಳೆಯುವ ಸೊಲೆನಾಯ್ಡಿಗೆ ಬೇಕಾಗುವ ಅನೇಕ ಆಂಪಿಯರುಗಳನ್ನು ಅವು ಹೊರಲಾರವು. ಆದುದರಿಂದ ನಡುವೆ ಒಂದು ರಿಲೇಯನ್ನಿಡುತ್ತಾರೆ. ಸಾರಥಿಯ ಮುಂದಿರುವ ಮುಖ್ಯ ಸ್ವಿಚ್ಚು, ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಮಾತ್ರ ಕೂಡುವ ಕಿರು ಸ್ವಿಚ್ಚು, ನಮ್ಮ ಒತ್ತಡದ ಸ್ವಿಚ್ಚು, ರಿಲೇಯ ಸುರುಳಿ: ಈ ನಾಲ್ಕೂ ಒಂದೇ ಸರಣಿಯಲ್ಲಿರುತ್ತವೆ. ಮೂರು ಸ್ವಿಚ್ಚುಗಳೂ ಹೂಂಗುಟ್ಟಿದರೆ ಮಾತ್ರ ರಿಲೇ ಎಳೆಯುತ್ತದೆ; ರಿಲೇ ಎಳೆದರೆ ಅನಿಲದ ಕವಾಟವೂ ಹೆಚ್ಚಿನ ಪೆಟ್ರೋಲಿನ ಕವಾಟವೂ ಒಟ್ಟಿಗೆ ತೆರೆಯುತ್ತವೆ.

ಈಗ ದೂರು ಬರುತ್ತದೆ: ಅನಿಲ ಬರುತ್ತಿಲ್ಲ. ಒಬ್ಬ ಗೆಳೆಯ ಒಂದು ತುಂಡು ತಂತಿಯನ್ನು ತಂದು ಸ್ವಿಚ್ಚಿನ ಎರಡು ತುದಿಗಳಿಗೂ ಅಡ್ಡಲಾಗಿ ಜೋಡಿಸುತ್ತಾನೆ. ಕೂಡಲೇ ರಿಲೇ ಟಕ್ಕೆನ್ನುತ್ತದೆ, ಅನಿಲ ಬರುತ್ತದೆ. ಸ್ವಿಚ್ಚು ಕೆಟ್ಟಿದೆಯೆಂದು ತೀರ್ಪು ಹೊರಡುತ್ತದೆ. ಅಡ್ಡತಂತಿ ಅಲ್ಲೇ ಉಳಿಯುತ್ತದೆ. ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಂಡಂತೆ.

ಈ ತೀರ್ಪಿನಲ್ಲಿರುವ ತರ್ಕದೋಷವನ್ನು ಬಿಡಿಸಿ ನೋಡಬೇಕು. ಅಡ್ಡತಂತಿಯಿಂದ ಸಿದ್ಧವಾದುದು ಒಂದೇ ಸಂಗತಿ: ಆಗ ಸ್ವಿಚ್ಚಿನ ಸ್ಪರ್ಶಬಿಂದುಗಳು ಬೇರ್ಪಟ್ಟಿದ್ದವು. ಬೇರ್ಪಡಬಾರದಾಗ ಬೇರ್ಪಟ್ಟಿದ್ದವೆಂಬುದು ಅದರಿಂದ ಸಿದ್ಧವಾಗಲಿಲ್ಲ. ಸ್ವಿಚ್ಚು ಬೇಡವೆಂದಾಗ ಎರಡು ಸಾಧ್ಯತೆಗಳಿವೆ. ಅದು ಸುಳ್ಳು ಹೇಳುತ್ತಿರಬಹುದು. ಅಥವಾ ಪೆಟ್ರೋಲಿನ ಒತ್ತಡ ನಿಜವಾಗಿಯೂ ಕಡಮೆಯಾಗಿರಬಹುದು. ಈ ಎರಡನ್ನೂ ಬೇರ್ಪಡಿಸಿ ತೋರಿಸುವ ಶಕ್ತಿ ತಂತಿಗಿಲ್ಲ. ಅಳತೆಗಿದೆ. ದೋಷಶೋಧನೆಯೆಂದರೆ ಸಾಕ್ಷಿಯ ಬಾಯಿ ಮುಚ್ಚಿಸುವುದಲ್ಲ, ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವುದು.

ಆ ವಿಚಾರಣೆ ಕ್ರಮಬದ್ಧವಾಗಿ ನಡೆಯಬೇಕು. ಮೊಟ್ಟಮೊದಲು ಅನಿಲದ ಸಿಲಿಂಡರಿನ ಬಾಯಿಯನ್ನು ಮುಚ್ಚಿ ಕೊಳವೆಯಲ್ಲಿ ಉಳಿದುದನ್ನು ಬಯಲಿಗೆ ಬಿಡಬೇಕು. ಎರಡು ಸೊಲೆನಾಯ್ಡುಗಳ ತಂತಿಗಳನ್ನೂ ಬಿಚ್ಚಬೇಕು. ಇಲ್ಲವಾದರೆ ನಿಂತ ಎಂಜಿನಿನೊಳಕ್ಕೆ ಪೆಟ್ರೋಲು ಸುರಿದು ತುಂಬಿಕೊಳ್ಳುವ ಅಪಾಯವಿದೆ. ಅವುಗಳ ಸ್ಥಾನದಲ್ಲಿ 12 ವೋಲ್ಟಿನ ಒಂದು ದೀಪವನ್ನು ಜೋಡಿಸಿದರೆ ರಿಲೇ ಎಳೆದುದು ಕಣ್ಣಿಗೆ ಕಾಣುತ್ತದೆ. ಪೆಟ್ರೋಲಿನ ಕೊಳವೆಯನ್ನು ಬಿಚ್ಚುವ ಕಡೆ ಬೆಂಕಿಯಾಗಲಿ ಕಿಡಿಯಾಗಲಿ ಸುಳಿಯಬಾರದೆಂಬುದನ್ನು ಹೇಳಬೇಕಾದುದೇ ಇಲ್ಲ.

ಮೊದಲನೆಯ ಪ್ರಶ್ನೆ: ಒತ್ತಡವಿದೆಯೆ? ಸ್ವಿಚ್ಚು ಕುಳಿತಿರುವ ಕೊಳವೆಗೇ ಒಂದು ಒತ್ತಡಮಾಪಕವನ್ನು ಜೋಡಿಸಿ ಪಂಪನ್ನು ಓಡಿಸಬೇಕು. ಬೇರೊಂದು ಕಡೆ ಅಳೆದರೆ ಅದು ಬೇರೊಬ್ಬನ ಸಾಕ್ಷ್ಯವಾಗುತ್ತದೆ. ಮಾಪಕವು 3 ಪೌಂಡು ತೋರಿಸಿದರೆ ವಿಚಾರಣೆ ಅಲ್ಲಿಗೇ ಮುಗಿಯಿತು. ಸ್ವಿಚ್ಚು ಹೇಳಿದುದು ನಿಜ. ಹುಡುಕಬೇಕಾದುದು ಪಂಪನ್ನು, ಫಿಲ್ಟರನ್ನು, ಒತ್ತಡ ನಿಯಂತ್ರಕವನ್ನು.

ಎರಡನೆಯ ಪ್ರಶ್ನೆ: ಒತ್ತಡ ಸರಿಯಿದ್ದಾಗ ಸ್ವಿಚ್ಚು ಕೂಡುತ್ತದೆಯೆ? ಅದರ ತಂತಿಗಳನ್ನು ಬಿಚ್ಚಿ ಮಲ್ಟಿಮೀಟರಿನಿಂದ ರೋಧವನ್ನು ಅಳೆಯಬೇಕು. ಪಂಪು ನಿಂತು ಕೊಳವೆಯ ಒತ್ತಡ ಇಳಿದಾಗ ರೋಧ ಅಪಾರವಾಗಿರಬೇಕು. ಪಂಪು ಓಡುವಾಗ ಸೊನ್ನೆಗೆ ಸಮೀಪವಾಗಿರಬೇಕು. ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಮಾತು. ತೆರೆದ ಕವಾಟವೆಂದರೆ ಹರಿವು ಇದೆ ಎಂದರ್ಥ. ತೆರೆದ ಸ್ವಿಚ್ಚೆಂದರೆ ಹರಿವು ಇಲ್ಲ ಎಂದರ್ಥ. ಒಂದೇ ಶಬ್ದ ಎರಡು ಕಡೆ ಎದುರುಬದರು ಅರ್ಥ ಕೊಡುವುದರಿಂದ, ಸ್ವಿಚ್ಚಿನ ವಿಷಯದಲ್ಲಿ ಕೂಡಿದೆ, ಬೇರ್ಪಟ್ಟಿದೆ ಎಂದು ಹೇಳುವುದೇ ಲೇಸು.

ಮೂರನೆಯ ಪ್ರಶ್ನೆ: ಕೂಡುವುದು ಯಾವ ಒತ್ತಡದಲ್ಲಿ? ಇದಕ್ಕೆ ಬೆಲೆಬಾಳುವ ಉಪಕರಣ ಬೇಡ. ಸ್ವಿಚ್ಚನ್ನು ಬಿಚ್ಚಿ ತೆಗೆದು, ಪೆಟ್ರೋಲಿನ ಲವಲೇಶವೂ ಉಳಿಯದಂತೆ ಆರಿಸಿ, ಪಾರದರ್ಶಕವಾದ ಉದ್ದನೆಯ ಪ್ಲಾಸ್ಟಿಕ್ ಕೊಳವೆಯ ಒಂದು ತುದಿಗೆ ಕಟ್ಟಬೇಕು. ಸ್ವಿಚ್ಚಿನ ಕಡೆ ಒಂದಷ್ಟು ಉದ್ದ ಗಾಳಿಯನ್ನು ಉಳಿಸಿ ಮಿಕ್ಕ ಕೊಳವೆಗೆ ನೀರು ತುಂಬಬೇಕು. ಇನ್ನೊಂದು ತುದಿಯನ್ನು ಹಿಡಿದು ಮೆಟ್ಟಿಲು ಹತ್ತುತ್ತ ಹೋದರೆ ನೀರಿನ ಎರಡು ಮಟ್ಟಗಳ ಅಂತರ ಹೆಚ್ಚುತ್ತದೆ. ಚದರ ಅಂಗುಲಕ್ಕೆ 1 ಪೌಂಡೆಂದರೆ ಸುಮಾರು 70 ಸೆಂಟಿಮೀಟರು ನೀರಿನ ಕಂಬ. ಮೀಟರಿನ ಮುಳ್ಳು ಆಡಿದಾಗ ಅಂತರ ಮೂರೂವರೆ ಮೀಟರಿದ್ದರೆ ಸ್ವಿಚ್ಚು 5 ಪೌಂಡಿನಲ್ಲಿ ಕೂಡಿತೆಂದು ತಿಳಿಯಬಹುದು. ಮಾಪಕವನ್ನೇ ನಂಬದಿದ್ದವನೂ ನೀರಿನ ಕಂಬವನ್ನು ನಂಬಲೇಬೇಕು. ಕೆಳಕ್ಕಿಳಿಯುತ್ತ ಬಂದಾಗ ಸ್ವಿಚ್ಚು ಅದೇ ಎತ್ತರದಲ್ಲಿ ಬೇರ್ಪಡದೆ ಸ್ವಲ್ಪ ತಗ್ಗಿನಲ್ಲಿ ಬೇರ್ಪಡುವುದನ್ನೂ ಕಾಣಬಹುದು. ಇದು ದೋಷವಲ್ಲ. ಈ ಅಂತರವಿಲ್ಲದಿದ್ದರೆ ಒತ್ತಡದ ಸಣ್ಣ ನಡುಕಕ್ಕೂ ಸ್ವಿಚ್ಚು ಕೂಡುತ್ತ ಬೇರ್ಪಡುತ್ತ ಇರುತ್ತಿತ್ತು.

ನಾಲ್ಕನೆಯ ಪ್ರಶ್ನೆ: ಕೂಡಿದ ಬಿಂದುಗಳು ಚೆನ್ನಾಗಿ ಕೂಡಿವೆಯೆ? ರಿಲೇಯ ಸುರುಳಿಯ ರೋಧ 80 ಓಮ್ ಎಂದು ಭಾವಿಸೋಣ. 12 ವೋಲ್ಟಿನಲ್ಲಿ ಅದು 0.15 ಆಂಪಿಯರ್ ಎಳೆಯುತ್ತದೆ. ಸ್ಪರ್ಶಬಿಂದುಗಳಿಗೆ ಕಿಲುಬು ಹಿಡಿದು ಅಲ್ಲಿ 40 ಓಮ್ ಸೇರಿಕೊಂಡಿತೆನ್ನೋಣ. ಆಗ ಪ್ರವಾಹ 0.1 ಆಂಪಿಯರಿಗೆ ಇಳಿಯುತ್ತದೆ. ಸುರುಳಿಗೆ ಸಿಕ್ಕುವುದು 8 ವೋಲ್ಟು ಮಾತ್ರ, 4 ವೋಲ್ಟು ಸ್ವಿಚ್ಚಿನಲ್ಲೇ ಸೋರಿಹೋಗುತ್ತದೆ. ರಿಲೇ ಒಮ್ಮೆ ಎಳೆದೀತು, ಇನ್ನೊಮ್ಮೆ ಎಳೆಯದೆ ಇದ್ದೀತು. ಇಂಥ ದೋಷವನ್ನು ಹಿಡಿಯಬೇಕಾದರೆ ಮಂಡಲ ಕೆಲಸ ಮಾಡುತ್ತಿರುವಾಗಲೇ ಸ್ವಿಚ್ಚಿನ ಎರಡು ತುದಿಗಳ ನಡುವಣ ವಿಭವಾಂತರವನ್ನು ಅಳೆಯಬೇಕು. ಒಳ್ಳೆಯ ಸ್ವಿಚ್ಚಿನಲ್ಲಿ ಅದು ಗಣನೆಗೆ ಬಾರದಷ್ಟಿರುತ್ತದೆ. ಓಮನ ನಿಯಮವನ್ನು ಬಾಯಿಪಾಠ ಮಾಡಿದವರು ಲಕ್ಷಾಂತರ ಮಂದಿ; ಅದನ್ನು ಹೀಗೆ ಕೈದೀಪದಂತೆ ಹಿಡಿದು ಕತ್ತಲೆಯಲ್ಲಿ ಹುಡುಕಿದವರೆಷ್ಟು?

ಐದನೆಯ ಪ್ರಶ್ನೆಯೇ ಎಲ್ಲಕ್ಕಿಂತ ಸ್ವಾರಸ್ಯವಾದುದು. ನಿಂತಲ್ಲಿ ಎಲ್ಲವೂ ಸರಿ. ಪಂದ್ಯದ ಹಾದಿಯಲ್ಲಿ ಮಾತ್ರ ಅನಿಲ ಬಂದು ಬಂದು ನಿಲ್ಲುತ್ತದೆ. ಸ್ವಿಚ್ಚು ಅಡ್ಡಾದಿಡ್ಡಿಯೆಂದು ಜನ ಹೇಳುವುದು ಈ ಸ್ಥಿತಿಯಲ್ಲಿಯೇ. ನಮ್ಮ ಮನೆಗಳ ಮೇಲಿನ ನೀರಿನ ತೊಟ್ಟಿಯನ್ನು ನೆನೆಯಿರಿ. ಎಲ್ಲ ನಲ್ಲಿಗಳೂ ಮುಚ್ಚಿರುವಾಗ ಕೊಳವೆಯಲ್ಲಿ ತೊಟ್ಟಿಯ ಎತ್ತರಕ್ಕೆ ತಕ್ಕ ಪೂರ್ಣ ಒತ್ತಡವಿರುತ್ತದೆ. ಕೆಳಗಿನ ನಲ್ಲಿಯನ್ನು ತಿರುವಿದೊಡನೆ ಮೇಲಿನ ಸ್ನಾನದ ಮನೆಯ ಧಾರೆ ಸಣ್ಣಗಾಗುತ್ತದೆ. ಹರಿವು ಹೆಚ್ಚಿದಂತೆ ಕೊಳವೆಯ ಘರ್ಷಣೆ ಒತ್ತಡವನ್ನು ತಿನ್ನುತ್ತದೆ. ಕಾರಿನಲ್ಲಿಯೂ ಹಾಗೆಯೇ: ಹೆಚ್ಚಿನ ಪೆಟ್ರೋಲಿನ ಕವಾಟ ತೆರೆದ ಕ್ಷಣದಲ್ಲಿ ಒತ್ತಡ ಕುಸಿಯುತ್ತದೆ. ಪಂಪು ದುರ್ಬಲವಾಗಿದ್ದರೆ, ಕೊಳವೆ ಸಪೂರವಾಗಿದ್ದರೆ, ಫಿಲ್ಟರಿಗೆ ಕಸ ಕಟ್ಟಿದ್ದರೆ, ಬ್ಯಾಟರಿ ಬಳಲಿದ್ದರೆ ಕುಸಿತ ಇನ್ನೂ ಹೆಚ್ಚು. 6 ಪೌಂಡು 4ಕ್ಕೆ ಇಳಿದಾಗ ಸ್ವಿಚ್ಚು ಬೇರ್ಪಡುತ್ತದೆ, ಕವಾಟಗಳು ಮುಚ್ಚುತ್ತವೆ, ಹರಿವು ನಿಂತುದರಿಂದ ಒತ್ತಡ ಮತ್ತೆ 6ಕ್ಕೆ ಏರುತ್ತದೆ, ಸ್ವಿಚ್ಚು ಮತ್ತೆ ಕೂಡುತ್ತದೆ. ವಿದ್ಯುತ್ ಗಂಟೆಯ ಸುತ್ತಿಗೆ ತನ್ನ ಪ್ರವಾಹವನ್ನು ತಾನೇ ಕಡಿದು ಮತ್ತೆ ಕೂಡಿಸಿಕೊಳ್ಳುವುದಿಲ್ಲವೆ? ಅದೇ ತತ್ತ್ವ ಇಲ್ಲಿ ಬೇಡದ ಕಡೆ ಬಂದು ಕುಳಿತಿದೆ. ಸ್ವಿಚ್ಚು ಪ್ರತಿ ಬಾರಿಯೂ ನಿಜವನ್ನೇ ಹೇಳುತ್ತಿದೆ. ಇದನ್ನು ತಿಳಿಯಬೇಕಾದರೆ ಒತ್ತಡವನ್ನು ನಿಂತ ಕಾರಿನಲ್ಲಲ್ಲ, ಪೆಟ್ರೋಲು ಪೂರ್ಣವಾಗಿ ಹರಿಯುತ್ತಿರುವಾಗ ಅಳೆಯಬೇಕು.

ಇಷ್ಟು ಪ್ರಶ್ನೆಗಳನ್ನು ಕೇಳಿದ ಮೇಲೂ ಒಂದು ಉಳಿಯಿತು. ಅದನ್ನು ಕೇಳುವವರು ತೀರ ವಿರಳ. ಸ್ವಿಚ್ಚು ಕೂಡಿದ ಸ್ಥಿತಿಯಲ್ಲೇ ಸಿಕ್ಕಿಬಿದ್ದರೆ? ಬಿಂದುಗಳು ಬೆಸೆದುಕೊಂಡರೆ, ಅಥವಾ ತಿರುಪು ಬಹಳ ಸಡಿಲವಾಗಿ ಒಂದೆರಡು ಪೌಂಡಿಗೇ ಕೂಡುವಂತಾದರೆ? ಆಗ ದೂರೇ ಇಲ್ಲ. ಅನಿಲ ಕೇಳಿದಾಗಲೆಲ್ಲ ಬರುತ್ತದೆ. ಎಲ್ಲರೂ ಸ್ವಿಚ್ಚನ್ನು ಹೊಗಳುತ್ತಾರೆ. ಪೆಟ್ರೋಲು ನಿಂತ ದಿನ ಪಿಸ್ಟನ್ನು ಕರಗಿದಾಗಲೇ ಗುಟ್ಟು ರಟ್ಟಾಗುವುದು. ಕೆಲಸವನ್ನು ನಿಲ್ಲಿಸುವ ದೋಷ ಗದ್ದಲ ಮಾಡುತ್ತದೆ. ಅಪಾಯಕ್ಕೆ ದಾರಿ ಬಿಡುವ ದೋಷ ಮೌನವಾಗಿರುತ್ತದೆ. ನಾವು ಗದ್ದಲವನ್ನು ಮಾತ್ರ ರಿಪೇರಿ ಮಾಡುತ್ತ ಹೋದರೆ ಯಂತ್ರದಲ್ಲಿ ಕಟ್ಟಕಡೆಗೆ ಮೌನದೋಷಗಳು ಮಾತ್ರ ಉಳಿಯುತ್ತವೆ. ಅಡ್ಡತಂತಿಯೆಂಬುದು ಕೈಯಾರ ಮಾಡಿಟ್ಟ ಮೌನದೋಷ. ಆದುದರಿಂದ ಸುರಕ್ಷಾ ಸ್ವಿಚ್ಚು ಹೂಂ ಎನ್ನುವುದನ್ನು ಪರೀಕ್ಷಿಸಿದರೆ ಸಾಲದು. ಪಂಪನ್ನು ನಿಲ್ಲಿಸಿ ಒತ್ತಡವನ್ನಿಳಿಸಿ, ಅದು ಬೇಡವೆನ್ನುವುದನ್ನೂ ಆಗಾಗ ಪರೀಕ್ಷಿಸಬೇಕು.

ಎದುರುಪಕ್ಷದವರ ಮಾತನ್ನೂ ಕೇಳುವುದು ನ್ಯಾಯ. ಅನುಭವಸ್ಥರಾದ ಕೆಲವು ಪಂದ್ಯಗಾರರು ಹೇಳುವುದೇನೆಂದರೆ, ಸ್ವಿಚ್ಚು ಸೇರಿಸಿದಷ್ಟೂ ಕೆಡಬಹುದಾದ ಭಾಗಗಳು ಹೆಚ್ಚುತ್ತವೆ. ಅದೂ ಅಲ್ಲದೆ ಈ ಸ್ವಿಚ್ಚು ಅಳೆಯುವುದು ಒತ್ತಡವನ್ನು, ಹರಿವನ್ನಲ್ಲ. ಸ್ವಿಚ್ಚಿನಿಂದಾಚೆಗಿನ ತೂತಿನಲ್ಲಿ ಕಸ ಕಟ್ಟಿಕೊಂಡರೆ ಪೆಟ್ರೋಲು ಹೋಗುವುದೇ ಇಲ್ಲ. ಒತ್ತಡ ಮಾತ್ರ ಭದ್ರವಾಗಿ ನಿಂತಿರುತ್ತದೆ. ಸ್ವಿಚ್ಚು ಎಲ್ಲ ಸರಿಯೆನ್ನುತ್ತದೆ. ಈ ಎರಡು ಮಾತುಗಳೂ ಸತ್ಯ. ಆದರೆ ಇವುಗಳಿಂದ ಹೊರಡುವ ನಿರ್ಣಯವೇನು? ಒಬ್ಬ ಸಾಕ್ಷಿ ಎಲ್ಲವನ್ನೂ ನೋಡಿಲ್ಲವಾದರೆ ಇನ್ನೊಬ್ಬನನ್ನು ಕರೆಯಬೇಕು. ಒತ್ತಡವನ್ನು ಸತತವಾಗಿ ಅಳೆದು ದಾಖಲಿಸುವ ಸಂವೇದಕಗಳೂ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಮಿಶ್ರಣದ ಹದವನ್ನು ತಿಳಿಸುವ ಸಂವೇದಕಗಳೂ ಇಂದು ದೊರೆಯುತ್ತವೆ. ಅವುಗಳನ್ನು ಸೇರಿಸುವುದು ಸುಧಾರಣೆ. ಇದ್ದ ಸಾಕ್ಷಿಯನ್ನೂ ಓಡಿಸಿ ತಂತಿ ಕಟ್ಟುವುದು ಸುಧಾರಣೆಯಲ್ಲ. ಅಡ್ಡತಂತಿಗೆ ನ್ಯಾಯವಾದ ಉಪಯೋಗ ಒಂದೇ: ಅನಿಲದ ಸಿಲಿಂಡರು ಮುಚ್ಚಿ ಸೊಲೆನಾಯ್ಡುಗಳನ್ನು ಬಿಚ್ಚಿರುವಾಗ, ಮಿಕ್ಕ ಮಂಡಲ ಸರಿಯಿದೆಯೆ ಎಂದು ಕ್ಷಣಕಾಲ ನೋಡುವುದು. ನೋಡಿದೊಡನೆ ಅದು ಮತ್ತೆ ಪೆಟ್ಟಿಗೆಗೆ ಹೋಗಬೇಕು.

ಪಂದ್ಯದ ಕಾರಿನಲ್ಲಿ ಎಂಜಿನು ಹಾಳಾದರೆ ನಷ್ಟ ಒಬ್ಬನದು. ಬೆಂಕಿ ಹೊತ್ತಿದರೆ ಅವನ ಪ್ರಾಣದ್ದು. ದೊಡ್ಡ ಕಾರ್ಖಾನೆಗಳಲ್ಲಿ ಹಾಗಲ್ಲ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನಲ್ಲಿ ವಿಷಾನಿಲ ಹೊರಬಿದ್ದಾಗ, ವಿಷದ ದ್ರವವನ್ನು ತಣ್ಣಗಿಡಬೇಕಾಗಿದ್ದ ಶೈತ್ಯಯಂತ್ರ ನಿಂತಿತ್ತು. ಸೋರಿದ ಅನಿಲವನ್ನು ಸುಡಬೇಕಾಗಿದ್ದ ಗೋಪುರದ ಕೊಳವೆ ಬಿಚ್ಚಿಹೋಗಿತ್ತು. ಆ ಮಹಾದುರಂತದ ಕಾರಣಗಳು ಅನೇಕ. ಅವುಗಳನ್ನೆಲ್ಲ ಒಂದು ಸ್ವಿಚ್ಚಿನ ಕಥೆಗೆ ಇಳಿಸುವುದು ಸರಿಯಲ್ಲ. ಆದರೂ ಒಂದು ಮಾತು ನಿಜ: ರಕ್ಷಣೆಯ ಏರ್ಪಾಡುಗಳು ಇಲ್ಲದಿದ್ದರೂ ಕೆಲಸ ನಡೆದುಹೋಗುತ್ತದೆಂಬ ಅಭ್ಯಾಸ ಚಿಕ್ಕ ಯಂತ್ರಕ್ಕೂ ದೊಡ್ಡ ಕಾರ್ಖಾನೆಗೂ ಒಂದೇ.

ಈ ಅಭ್ಯಾಸಕ್ಕೆ ನಮ್ಮ ಪ್ರಯೋಗಶಾಲೆಗಳು ಮದ್ದು ಕೊಡುತ್ತಿವೆಯೆ? ಕೊಡುತ್ತಿಲ್ಲವೆಂದೇ ಹೇಳಬೇಕಾಗಿದೆ. ಪೊಟೆನ್ಷಿಯೊಮೀಟರಿನ ಪ್ರಯೋಗವನ್ನು ತೆಗೆದುಕೊಳ್ಳಿ. ಗ್ಯಾಲ್ವನಾಮೀಟರಿನ ಮುಳ್ಳು ತಂತಿಯ ಎರಡು ತುದಿಗಳಲ್ಲೂ ಒಂದೇ ಕಡೆಗೆ ವಾಲುತ್ತದೆ. ವಿದ್ಯಾರ್ಥಿ ಏನು ಮಾಡುತ್ತಾನೆ? ಸಹಾಯಕರನ್ನು ಕೂಗುತ್ತಾನೆ. ಅವರು ಬಂದು ಒಂದು ತಿರುಪನ್ನು ಬಿಗಿದು, ಒಂದು ಕೋಶವನ್ನು ತಿರುಗಿಸಿ ಹೋಗುತ್ತಾರೆ. ಮುಳ್ಳು ಸರಿಯಾಯಿತು, ವಿದ್ಯಾರ್ಥಿ ಉತ್ತರ ಬರೆದುಕೊಂಡ. ಆದರೆ ಆ ಮುಳ್ಳು ಒಂದೇ ಕಡೆ ವಾಲಿದಾಗ ಅವನಿಗೊಂದು ಸಂಗತಿಯನ್ನು ತಿಳಿಸುತ್ತಿತ್ತು. ಕೋಶದ ಧ್ರುವಗಳು ತಿರುವುಮುರುವಾಗಿವೆ, ಅಥವಾ ಮುಖ್ಯ ಬ್ಯಾಟರಿಯ ಬಲ ಸಾಲದು, ಅಥವಾ ಮುಖ್ಯ ಮಂಡಲದಲ್ಲೆಲ್ಲೋ ಸಂಪರ್ಕ ತಪ್ಪಿದೆ. ಇವುಗಳಲ್ಲಿ ಯಾವುದೆಂದು ಅಳೆದು ನಿರ್ಧರಿಸುವುದಕ್ಕೆ ಅವನಿಗೆ ಬೇಕಾದ ಜ್ಞಾನವೆಲ್ಲ ಇತ್ತು, ಅವಕಾಶವೊಂದು ಇರಲಿಲ್ಲ. ಹಳೆಯ ದಾಖಲೆ ಪುಸ್ತಕದ ಅಂಕಿಗೆ ತನ್ನ ಅಂಕಿ ಹೊಂದಿದರೆ ಪ್ರಯೋಗ ಸರಿ, ಹೊಂದದಿದ್ದರೆ ಉಪಕರಣ ಕೆಟ್ಟಿದೆ. ಅಡ್ಡತಂತಿ ಕಟ್ಟುವವನ ಮನಸ್ಸು ತಯಾರಾಗುವುದು ಇಲ್ಲಿಂದಲೇ.

ನನ್ನ ಸೂಚನೆ ಇಷ್ಟೇ. ವರ್ಷಕ್ಕೆ ಎರಡು ಪ್ರಯೋಗಗಳಲ್ಲಾದರೂ ಬೇಕೆಂದೇ ಒಂದು ದೋಷವನ್ನು ಅಡಗಿಸಿಟ್ಟು ವಿದ್ಯಾರ್ಥಿಗೆ ಕೊಡಬೇಕು: ಒಳಗೇ ತುಂಡಾದ ಒಂದು ತಂತಿ, ಕಿಲುಬು ಹಿಡಿದ ಒಂದು ಕೀಲಿ, ಬಳಲಿದ ಒಂದು ಕೋಶ. ಉತ್ತರದ ಅಂಕಿಗೆ ಅಂಕ ಕೊಡುವ ಬದಲು, ಯಾವ ಸಂಶಯವನ್ನು ಯಾವ ಅಳತೆಯಿಂದ ಪರಿಹರಿಸಿದನೆಂಬ ಕ್ರಮಕ್ಕೆ ಅಂಕ ಕೊಡಬೇಕು. ಇದಕ್ಕೆ ಹೊಸ ಸಾಮಗ್ರಿ ಬೇಡ. ಕೆಟ್ಟ ತಂತಿಗಳಿಗೆ ನಮ್ಮ ಪ್ರಯೋಗಶಾಲೆಗಳಲ್ಲಿ ಬಡತನವಿಲ್ಲ. ಪಾಠಗಳನ್ನು ಮುಗಿಸುವುದಕ್ಕೇ ವೇಳೆ ಸಾಲದೆಂಬ ಆಕ್ಷೇಪಣೆ ಬರಬಹುದು. ಇಪ್ಪತ್ತು ಪ್ರಯೋಗಗಳನ್ನು ನಕಲು ಮಾಡುವುದಕ್ಕಿಂತ ಹದಿನೆಂಟನ್ನು ಮಾಡಿ ಎರಡು ದೋಷಗಳನ್ನು ಹಿಡಿದ ವಿದ್ಯಾರ್ಥಿ ಹೆಚ್ಚು ಭೌತಶಾಸ್ತ್ರವನ್ನು ಕಲಿತಿರುತ್ತಾನೆಂದು ನಾನು ನಂಬುತ್ತೇನೆ.

ಇಂದಿನ ವಿದ್ಯಾರ್ಥಿಗಳಲ್ಲಿ ಪಂದ್ಯದ ಕಾರನ್ನು ಓಡಿಸುವವರು ಬಹುಶಃ ಯಾರೂ ಇಲ್ಲ. ಆದರೆ ನಾಳೆ ಆಸ್ಪತ್ರೆಯ ಆಮ್ಲಜನಕದ ಕೊಳವೆಯನ್ನೋ, ಅಣೆಕಟ್ಟಿನ ಬಾಗಿಲನ್ನೋ, ಬಾಯ್ಲರಿನ ಕವಾಟವನ್ನೋ ನೋಡಿಕೊಳ್ಳುವವರು ಅವರೇ. ಅಲ್ಲಿಯೂ ಒಂದು ದಿನ ಒಂದು ಸ್ವಿಚ್ಚು ಬೇಡವೆನ್ನುತ್ತದೆ. ಮೇಲಿನವರು ಅವಸರಪಡಿಸುತ್ತಿರುತ್ತಾರೆ, ತಂತಿಯ ತುಂಡು ಕೈಗೆಟುಕುವಲ್ಲೇ ಬಿದ್ದಿರುತ್ತದೆ. ಆಗ ಅವರ ಕೈ ತಂತಿಯ ಕಡೆಗೆ ಹೋಗದೆ ಮಾಪಕದ ಕಡೆಗೆ ಹೋಗುವಂತೆ ಮಾಡುವುದು ನಮ್ಮಂಥ ಅಧ್ಯಾಪಕರ ಹೊಣೆ. ಆ ಅಭ್ಯಾಸವನ್ನು ಇಂದೇ, ಪ್ರಯೋಗಶಾಲೆಯ ಮೇಜಿನ ಮುಂದೆಯೇ, ಬೆಳೆಸಬೇಕು.